ಸೊನ್ನೆ ಬಂದ ಹಾಳೆ

ಹಾಳೆಯಲ್ಲಿ ಒಂಬತ್ತು ಪ್ರಶ್ನೆ. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಚೌಕ. ಕಳೆದ ಹದಿನೈದು ದಿನಗಳಲ್ಲಿ ಹಾಗೆ ಅನ್ನಿಸಿಯೇ ಇಲ್ಲ ಎಂದರೆ ಸೊನ್ನೆ, ಕೆಲವು ದಿನ ಎಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ ಎರಡು, ಹೆಚ್ಚುಕಡಿಮೆ ದಿನವೂ ಎಂದರೆ ಮೂರು. ಎಲ್ಲ ಕೂಡಿದರೆ ಇಪ್ಪತ್ತೇಳರವರೆಗೆ ಹೋಗಬಹುದು. ಎಚ್‌ಐವಿ ಇರುವವರ ಮನಸ್ಸು ಎಷ್ಟು ಕುಸಿದಿದೆ ಎಂದು ಅಳೆಯುವ ಕೆಲಸಕ್ಕೆ ನನ್ನನ್ನು ಕರೆದಾಗ ಕೈಗೆ ಕೊಟ್ಟ ಅಳತೆಗೋಲು ಇದು.

ನಾನು ಮೂವತ್ತನಾಲ್ಕು ವರ್ಷ ಲ್ಯಾಬುಗಳಲ್ಲಿ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡಿ ನಿವೃತ್ತಳಾದವಳು. ಕೆಲಸ ಕಲಿಸಿದ ಗುರುಗಳು ಗಡಿಯಾರದಂಥವರು. ಬೆಳಿಗ್ಗೆ ಎಂಟೂವರೆಗೆ ಯಂತ್ರ ಆನ್ ಆಗಬೇಕು. ಮೊದಲು ಬಟ್ಟಿ ಇಳಿಸಿದ ನೀರು ಇಟ್ಟು ಮುಳ್ಳು ಸೊನ್ನೆಯಲ್ಲಿ ನಿಲ್ಲುವುದನ್ನು ನೋಡಬೇಕು. ಆಮೇಲೆ, ಎಷ್ಟು ಬರಬೇಕು ಎಂದು ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ ಇಟ್ಟು ತಾಳೆ ನೋಡಬೇಕು. ರೋಗಿಯ ರಕ್ತ ಆಮೇಲೆ. ಅನುಮಾನ ಹುಟ್ಟಿಸುವ ಅಂಕಿ ಬಂದರೆ ಎರಡನೇ ಸಲ ಅಳೆಯದೆ ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ತಪ್ಪಿದವರನ್ನು ಅವರು ಬೈಯುತ್ತಿರಲಿಲ್ಲ. ಸ್ಟೂಲಿನಿಂದ ಎಬ್ಬಿಸಿ ಗಾಜು ತೊಳೆಯಲು ಕಳಿಸುತ್ತಿದ್ದರು. ನಾನು ಒಂದೇ ಸಲ ಗಾಜು ತೊಳೆದೆ. ಆ ಶಿಸ್ತು ಇವತ್ತಿಗೂ ಬಿಟ್ಟಿಲ್ಲ. ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೂ ತುಂಬಿದ ತಾರೀಖು ಬರೆದಿರುತ್ತೇನೆ.

ನಿವೃತ್ತಿಯಾದ ಎರಡನೇ ವರ್ಷ ಒಂದು ಕಾಲೇಜಿನವರು ಈ ಅಧ್ಯಯನಕ್ಕೆ ಜನ ಹುಡುಕುತ್ತಿದ್ದರು. ವಯಸ್ಸಾದ ಹೆಂಗಸಾಗಿರಬೇಕು, ಇಲ್ಲಿಯ ಮಾತು ಗೊತ್ತಿರಬೇಕು, ಪಾವಗಡದ ಕಡೆಯ ತೆಲುಗು ಅರ್ಥವಾಗಬೇಕು, ಅಂಕಿ ದುಂಡಗೆ ಬರೆಯಬೇಕು. ನಾನು ಒಪ್ಪಿಕೊಂಡೆ. ಸೋಮವಾರ ಮಧುಗಿರಿ, ಮಂಗಳವಾರ ಶಿರಾ, ಬುಧವಾರ ಕೊರಟಗೆರೆ, ಗುರುವಾರ ಪಾವಗಡ. ಶುಕ್ರವಾರ ಮನೆಯಲ್ಲಿ ಕೂತು ಹಾಳೆಗಳನ್ನು ಕ್ರಮವಾಗಿ ಜೋಡಿಸುವುದು. ತಿಂಗಳ ಗುಳಿಗೆ ತೆಗೆದುಕೊಳ್ಳಲು ಜನ ಬರುವ ಕೊಠಡಿಯಲ್ಲೇ ಒಂದು ಮೂಲೆ, ಒಂದು ಮೇಜು, ಎರಡು ಕುರ್ಚಿ ನನಗೆ. ಪಾವಗಡದಲ್ಲಿ ಮರೆಗೆಂದು ಒಂದು ಹಳೆಯ ಕಬ್ಬಿಣದ ಬೀರು ನಿಲ್ಲಿಸಿದ್ದರು.

ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಪ್ರಶ್ನೆಯನ್ನು ಬರೆದಿರುವ ಹಾಗೆಯೇ, ಬರೆದಿರುವ ಕ್ರಮದಲ್ಲೇ ಓದಬೇಕು. ಸಾವಿನ ಯೋಚನೆ ಬಂದಿತ್ತೇ ಎಂದು ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಆ ಮನುಷ್ಯನನ್ನು ಒಂಟಿಯಾಗಿ ಬಿಡದೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು. ಒಟ್ಟು ಸೊನ್ನೆ ಬಂದರೆ ಕೈಮುಗಿದು ಕಳಿಸಬೇಕು. ಸೊನ್ನೆಯ ಬಗ್ಗೆ ಇಷ್ಟೇ ಹೇಳಿದ್ದರು.

ಎಚ್‌ಐವಿ ಇರುವ ರಕ್ತವನ್ನು ನಾನು ವರ್ಷಗಟ್ಟಲೆ ಮುಟ್ಟಿದ್ದೇನೆ, ಒಂದು ದಿನವೂ ಕೈ ನಡುಗಿಲ್ಲ. ಆದರೆ ಮಧುಗಿರಿಯಲ್ಲಿ ಮೊದಲ ದಿನ ಎಂಟನೆಯ ಪ್ರಶ್ನೆ ಮುಗಿದು ಒಂಬತ್ತಕ್ಕೆ ಬಂದಾಗ ನನ್ನ ಬಾಯಿ ಒಣಗಿತು. ಲ್ಯಾಬಿನಲ್ಲಿ ರಕ್ತವನ್ನು ಕೇಳಿದರೆ ಸಾಕಾಗಿತ್ತು, ಮನುಷ್ಯರನ್ನು ಕೇಳುವ ಅಗತ್ಯ ಇರಲಿಲ್ಲ. ಚೀಟಿಯ ಮೇಲೆ ಪಾಸಿಟಿವ್ ಎಂದು ಬರೆದು ಕಿಟಕಿಯಿಂದ ಆಚೆ ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಚೀಟಿ ಹಿಡಿದುಕೊಂಡು ಹೋದವರು ಆ ರಾತ್ರಿ ಎಲ್ಲಿ ಮಲಗಿದರು ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಈಗ ಅವರೇ ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದರು.

ಜನ ನನ್ನ ಭಯವನ್ನು ಸ್ವಲ್ಪ ಹಗುರ ಮಾಡಿದರು ಎನ್ನಬೇಕು. ಹೊಳವನಹಳ್ಳಿ ಕಡೆಯ ಒಬ್ಬ ರೈತರು, ಹದಿನೈದು ದಿನದಲ್ಲಿ ಎಷ್ಟು ದಿನ ಬೇಸರ ಎಂದು ಕೇಳಿದ್ದಕ್ಕೆ, ಬೇಸರ ಆದಾಗೆಲ್ಲ ಕ್ಯಾಲೆಂಡರಿಗೆ ಗೀಟು ಎಳೆದಿದ್ದೀನೇನಮ್ಮ ಎಂದು ನನ್ನನ್ನೇ ಕೇಳಿದರು. ನಾಲ್ಕನೆಯ ಪ್ರಶ್ನೆ ಸುಸ್ತಿನದು. ಅದಕ್ಕೆ ಬರಗೂರಿನ ಒಬ್ಬ ಹೆಂಗಸು ಕೊಟ್ಟ ಉತ್ತರ ಹೀಗಿತ್ತು: “ಸುಸ್ತಿಲ್ದೆ ಇರೋರು ಯಾರವ್ರೆ ಕಣಮ್ಮ ನಮ್ಮೂರಾಗೆ? ನಮ್ಮೆಮ್ಮೆಗೂ ಸುಸ್ತೇಯ. ಅದ್ರದ್ದೂ ಒಂದು ಬರ್ಕೊ.” ನಾನು ನಗಲಿಲ್ಲ, ನಗುವಂತಿರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಪಾವಗಡದಲ್ಲಿ ಬೀರುವಿನ ಆಚೆ ಬದಿಯಲ್ಲಿ ಕೌನ್ಸೆಲರ್ ಹುಡುಗಿ ಕೂರುತ್ತಿದ್ದಳು. ಗುಳಿಗೆ ಕೊಡುವ ಮೊದಲು ಅವಳು ಪ್ರತಿಯೊಬ್ಬರಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ. ಕ್ಷಯ ಹಿಡಿದಿದೆಯೋ ಎಂದು ನೋಡಲು ಅದು. ಒಂದಕ್ಕೆ ಹೌದು ಎಂದರೂ ಕಫ ಕೊಡಬೇಕು, ಎಕ್ಸ್‌ರೇಗೆ ನಿಲ್ಲಬೇಕು, ಬಸ್ಸು ತಪ್ಪುತ್ತದೆ, ಆ ದಿನದ ಕೂಲಿ ಹೋಗುತ್ತದೆ, ಯಾಕೆ ತಡವಾಯಿತು ಎಂದು ಮನೆಯ ಪಕ್ಕದವರು ಕೇಳುತ್ತಾರೆ. ಹತ್ತು ಹದಿನೈದು ವರ್ಷದಿಂದ ಗುಳಿಗೆಗೆ ಬರುವವರು ಹೀಗಾಗಿ ಪ್ರಶ್ನೆ ಮುಗಿಯುವ ಮೊದಲೇ ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಹೇಳಿ ಕೈ ಚಾಚುತ್ತಿದ್ದರು. ದಿನವಿಡೀ ಬೀರುವಿನ ಆಚೆಯಿಂದ ನನಗೆ ಅದು ಕೇಳಿಸುತ್ತಿತ್ತು. ಕೆಲಸ ಬೇಗ ಸಾಗುತ್ತಿದೆ ಎಂದಷ್ಟೇ ಅಂದುಕೊಂಡಿದ್ದೆ.

ಒಂದು ಗುರುವಾರ ಹನ್ನೊಂದು ಗಂಟೆಯ ಸುಮಾರಿಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಒಗೆದು ಮಡಿಸಿ ಉಟ್ಟ ಸೀರೆ. ಬಲಸಮುದ್ರದ ಕಡೆ ಸೋಲಾರ್ ಪ್ಯಾನೆಲ್‌ಗಳ ಕೆಳಗೆ ಬೆಳೆಯುವ ಹುಲ್ಲು ಕೊಯ್ಯುವ ಕೂಲಿ. ಗುಳಿಗೆಯ ಡಬ್ಬಿಯೊಳಗೆ ಹತ್ತಿ ತುರುಕಿದ್ದಳು, ಬಸ್ಸು ಕುಲುಕಿದಾಗ ಸದ್ದಾಗಬಾರದು ಎಂದು. ಎಷ್ಟು ಅಚ್ಚುಕಟ್ಟು ಎಂದು ನನಗೆ ಮೆಚ್ಚುಗೆಯಾಯಿತು.

ಒಂಬತ್ತು ಪ್ರಶ್ನೆಗೂ ಇಲ್ಲ ಎಂದಳು. ಒಂಬತ್ತನೆಯದಕ್ಕೂ ದನಿ ಬದಲಾಗಲಿಲ್ಲ. ಹನ್ನೆರಡು ನಿಮಿಷದ ಕೆಲಸ ನಾಲ್ಕೇ ನಿಮಿಷಕ್ಕೆ ಮುಗಿಯಿತು. ನಾನು ಒಟ್ಟು ಸೊನ್ನೆ ಎಂದು ಬರೆದು, ವೃತ್ತ ಹಾಕಿ, ಕೈಮುಗಿದೆ. ಆಕೆ ಏಳದೆ ಒಂದು ಮಾತು ಕೇಳಿದಳು. ಮುಂದಿನ ತಿಂಗಳು ಗುಳಿಗೆಗೆ ಬರದಿದ್ದರೆ ಯಾರಾದರೂ ಮನೆಗೆ ಹುಡುಕಿಕೊಂಡು ಬರುತ್ತಾರಾ? ಈ ಪ್ರಶ್ನೆಯನ್ನು ನಾಲ್ಕೂ ತಾಲ್ಲೂಕಿನವರು ಕೇಳುತ್ತಾರೆ. ಬಾಗಿಲಿಗೆ ಆಸ್ಪತ್ರೆಯವರು ಬಂದು ನಿಂತರೆ ಊರಿಗೆ ಗೊತ್ತಾಗುತ್ತದೆಂಬ ಭಯ ಎಲ್ಲರಿಗೂ ಇದೆ. ಮೊದಲು ಫೋನ್ ಮಾಡುತ್ತಾರೆ, ಆಮೇಲೆ ಬರುತ್ತಾರೆ, ಅದಕ್ಕೇ ತಪ್ಪಿಸಬಾರದು ಎಂದು ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ.

“ಬರ್ದಂಗೆ ಮಾಡಕ್ಕಾಗಲ್ವ ಮೇಡಮ್ಮಾರೆ?” ಎಂದಳು.

“ನೀವು ಬಂದ್ರೆ ಅವರು ಬರಲ್ಲ,” ಎಂದೆ.

ಆಕೆ ತಲೆಯಾಡಿಸಿ ಹೋದಳು. ನಾನು ಮುಂದಿನವರನ್ನು ಕರೆದೆ.

ಊಟದ ಹೊತ್ತಿಗೆ ಆ ದಿನದ ಹಾಳೆಗಳನ್ನು ಜೋಡಿಸುವುದು ನನ್ನ ಪದ್ಧತಿ. ಎಡಗೈಯಲ್ಲಿ ಚಪಾತಿಯ ಡಬ್ಬಿ, ಬಲಗೈಯಲ್ಲಿ ಪೆನ್ಸಿಲು. ಆಕೆಯ ಹಾಳೆಯ ನಾಲ್ಕನೆಯ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು. ಸುಸ್ತಿಗೆ ಸೊನ್ನೆ. ಹಿಂದಿನ ಹಾಳೆಗಳನ್ನು ತೆಗೆದೆ. ಮಧುಗಿರಿಯವು, ಶಿರಾದವು, ಕೊರಟಗೆರೆಯವು. ನಗುನಗುತ್ತ ಬಂದವರು, ಚೆನ್ನಾಗಿದ್ದವರು, ಒಟ್ಟು ಎರಡೋ ಮೂರೋ ಬಂದವರು ಕೂಡ ಸುಸ್ತಿಗೆ ಏನಾದರೊಂದು ಅಂಕಿ ಕೊಟ್ಟಿದ್ದರು. ಸುಸ್ತೇ ಇಲ್ಲ ಎಂದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಬಿರುಬಿಸಿಲಿನಲ್ಲಿ, ಕಾದ ಗಾಜಿನ ಹಲಗೆಗಳ ಕೆಳಗೆ ಬಗ್ಗಿ ದಿನವಿಡೀ ಹುಲ್ಲು ಕೊಯ್ಯುವ ಹೆಂಗಸು ಹದಿನೈದು ದಿನದಲ್ಲಿ ಒಮ್ಮೆಯೂ ಸುಸ್ತಾಗಿಲ್ಲ ಎಂದಿದ್ದಳು.

ಆಚೆ ಬದಿಯಲ್ಲಿ ಯಾರೋ ಇಲ್ಲ, ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದರು.

ಆಗ ನನಗೆ ಹೊಳೆಯಿತು. ಆಕೆ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಇರಲಿಲ್ಲ. ಬೀರುವಿನ ಆ ಬದಿಯಲ್ಲಿ ನಾಲ್ಕು ಸಲ ಹೇಳಿದ್ದನ್ನು ಈ ಬದಿಯಲ್ಲಿ ಒಂಬತ್ತು ಸಲ ಹೇಳಿದ್ದಳು. ಬರೀ ನೀರು ಇಟ್ಟರೂ ಯಂತ್ರ ಸೊನ್ನೆ ತೋರಿಸುತ್ತದೆ. ಅದು ರೋಗಿಯ ಅಂಕಿಯಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕಲಿತದ್ದನ್ನು ನಾನು ಮರೆತಿದ್ದೆ. ಅನುಮಾನದ ಅಂಕಿಯನ್ನು ಎರಡನೇ ಸಲ ಅಳೆಯದೆ ವೃತ್ತ ಹಾಕಿ, ಆ ಹೆಂಗಸನ್ನು ಬಸ್ಸು ಹತ್ತಿಸಿ ಕಳಿಸಿದ್ದೆ. ಮುಂದಿನ ತಿಂಗಳು ಬರದಿದ್ದರೆ ಎಂದು ಆಕೆ ಕೇಳಿದ ಮಾತು ಈಗ ಬೇರೆ ತರಹ ಕೇಳಿಸಿತು.

ಕೌನ್ಸೆಲರ್ ಹುಡುಗಿಗೆ ಹೇಳಿದೆ. ಅವಳು ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಹಳ್ಳಿಗಳಿಗೆ ಹೋಗುವ ಕಾರ್ಯಕರ್ತರು ಆ ದಿನ ರಜೆ. ಆಸ್ಪತ್ರೆಯ ಜೀಪು ಕಳಿಸಿದರೆ ಆಕೆ ಇಷ್ಟು ವರ್ಷ ಹತ್ತಿ ತುರುಕಿ ಮುಚ್ಚಿಟ್ಟಿದ್ದು ಒಂದೇ ಗಳಿಗೆಯಲ್ಲಿ ಬೀದಿಗೆ ಬೀಳುತ್ತದೆ, ಅದೇ ಕಾರಣಕ್ಕೆ ಆಕೆ ಏನಾದರೂ ಮಾಡಿಕೊಂಡರೆ? ಹೊರಗೆ ಇನ್ನೂ ಮೂವತ್ತು ಜನ ಸಾಲಿನಲ್ಲಿದ್ದರು, ಹುಡುಗಿ ಏಳುವಂತಿರಲಿಲ್ಲ. ಅವಳು ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು. ವಯಸ್ಸಾದ ಹೆಂಗಸು, ಯಾರ ಕಣ್ಣಿಗೂ ಬೀಳಲ್ಲ, ಅವರೇ ಹೋಗಲಿ ಎಂದರು ಡಾಕ್ಟರು. ಹುಡುಗಿ ಊರು ತಿಳಿಸಿ, ನನ್ನ ಕಿವಿಯಲ್ಲಿ ಆಕೆಯ ಹೆಸರು ಹೇಳಿದಳು. ನಾನು ಅದನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಆಕೆಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಎರಡೂ ಕಡೆ ಪ್ಯಾನೆಲ್‌ಗಳು ಶುರುವಾದವು. ಕಣ್ಣು ಹಾಯುವವರೆಗೆ ಒಂದೇ ಅಳತೆಯ, ಒಂದೇ ಓರೆಯ ನೀಲಿ ಹಲಗೆಗಳ ಸಾಲು. ಬೇರೆ ದಿನ ಆಗಿದ್ದರೆ ಆ ಕ್ರಮ ನನಗೆ ಇಷ್ಟವಾಗುತ್ತಿತ್ತು. ಅವತ್ತು ಆ ಸಾಲುಗಳ ನಡುವೆ ಒಬ್ಬ ಮನುಷ್ಯನೂ ಕಾಣುತ್ತಿಲ್ಲ ಎಂಬುದೊಂದೇ ಕಾಣಿಸಿತು. ಆಕೆ ಹೊರಟು ಮೂರು ಗಂಟೆಯ ಮೇಲಾಗಿತ್ತು. ಏನು ಸಿಗುತ್ತದೋ ಎನ್ನುವುದಕ್ಕಿಂತ ಊರಿನಲ್ಲಿ ಇಳಿದಾಗ ಎಲ್ಲಾದರೂ ಜನ ಗುಂಪು ಕೂಡಿರುತ್ತಾರೋ ಎಂದು ಹೆದರಿದ್ದೆ.

ಗುಂಪು ಇರಲಿಲ್ಲ. ನಿಲ್ದಾಣದ ಪಕ್ಕದ ಜಗಲಿಯ ಮೇಲೆ ಒಬ್ಬ ಅಜ್ಜಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಇಳಿದು ಆಚೀಚೆ ನೋಡುವಷ್ಟರಲ್ಲಿ ಅವಳ ಪ್ರಶ್ನೆ ಶುರುವಾಯಿತು.

“ಎವರು ಕಾವಾಲಮ್ಮ? ಯಾರ್ ಮನೆಗೆ ಬಂದೆ? ಯಾವೂರು?”

ಮೊದಲೆರಡು ಪ್ರಶ್ನೆ ಬಿಟ್ಟು ಮಧುಗಿರಿ ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ನಾನು. ಬಸ್ಸಿನಲ್ಲಿ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ, ಅದನ್ನು ಹಾಳೆಯ ಪ್ರಶ್ನೆ ಓದುವ ಹಾಗೆ ಒಪ್ಪಿಸಿದೆ. ನಮ್ಮ ನೆಂಟರ ಮನೆಯಲ್ಲಿ ಬಾಣಂತಿ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು, ಇಂಥವರು ಕೈ ಚೊಕ್ಕ ಎಂದು ಯಾರೋ ಹೇಳಿದರು ಎಂದು ಆಕೆಯ ಹೆಸರು ಹೇಳಿದೆ.

ಅಜ್ಜಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

“ಅವಳಾ? ಅವ್ಳ್ ಮಗ್ಳೇ ಬಸ್ರಿ ಕಣಮ್ಮ. ಮೊದಲ್ನೇದು. ಬರೋ ವಾರ ಕರ್ಕೊಂಡ್ ಬತ್ತಾಳೆ ಬಾಣಂತನಕ್ಕೆ. ತನ್ ಮಗ್ಳುನ್ನ ಬಿಟ್ಟು ನಿಮ್ಮೋರ್ನ ನೋಡ್ಕಂಡಾಳಾ?”

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಜಗಲಿಯ ಕೆಳಗೆ ಬುಟ್ಟಿ ಮುಚ್ಚಿ ಇಟ್ಟಿದ್ದನ್ನು ಕಾಲಿನಿಂದ ತೋರಿಸಿದಳು. ಬುಟ್ಟಿಯೊಳಗೆ ಕೋಳಿಗಳು ಕೊಕ್ ಕೊಕ್ ಎನ್ನುತ್ತಿದ್ದವು.

“ಬೆಳಿಗ್ಗೆ ಬಸ್ ಹತ್ತೋಕ್ ಮುಂಚೆ ಇವೆರ್ಡೂ ನಂಗೆ ಕೊಟ್ಬುಟ್ಟು ಹೋದ್ಳು. ಮೊಟ್ಟೆ ಇಕ್ಕೋ ಕೋಳಿ. ಬಾಣಂತಿ ಬರೋ ಮನೆಯಾಗೆ ಕೋಳಿ ಕೊಡ್ತಾರೇನಮ್ಮ ಯಾರಾದ್ರೂ? ಮಂಕು ಹಿಡ್ದಂಗವ್ಳೆ. ನಾನೂ ಕೇಳ್ದೆ. ನಿಂತಾವೇ ಇರ್ಲಿ ಅಂದ್ಳು.”

ಬಾಣಂತಿಗೆಂದು ಸಾಕಿದ ಕೋಳಿಯನ್ನು ಬಾಣಂತನಕ್ಕೆ ವಾರವಿರುವಾಗ ಬೇರೆಯವರಿಗೆ ಒಪ್ಪಿಸುವುದು ಏನೆಂದು ಆ ಅಜ್ಜಿಗೆ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಯಿತು. ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಬಸ್ಸಿಳಿದವಳು ಮನೆಗೆ ಹೋಗದೆ ಪ್ಯಾನೆಲ್ ಕಡೆ ನಡೆದಳು, ಇವತ್ತು ಕೆಲಸವಿಲ್ಲ, ಯಾಕೆ ಹೋದಳೋ ಎಂದಳು ಅಜ್ಜಿ. ನಾನು ಓಡಬಾರದು. ಓಡಿದರೆ ಅಜ್ಜಿ ಎದ್ದು ಬರುತ್ತಾಳೆ, ಅವಳ ಹಿಂದೆ ಊರು. ನೋಡಿ ಮಾತಾಡಿಸಿಕೊಂಡೇ ಹೋಗುತ್ತೇನೆ ಎಂದು, ಕೊಡೆ ಬಿಚ್ಚಿ, ಸಾಮಾನ್ಯವಾಗಿ ನಡೆಯುವ ಹಾಗೆ ನಡೆದೆ. ಆ ಅರ್ಧ ಮೈಲಿಗಿಂತ ಉದ್ದದ ದಾರಿಯನ್ನು ನಾನು ಯಾವತ್ತೂ ನಡೆದಿಲ್ಲ.

ಬೇಲಿಯ ಪಕ್ಕದಲ್ಲಿ ಮಣ್ಣಿನ ದಾರಿ. ಒಳಗೆ ಎಲ್ಲೋ ಒಂದು ಟ್ರಾನ್ಸ್‌ಫಾರ್ಮರ್ ಒಂದೇ ಸಮ ಗುಂಯ್‌ಗುಡುತ್ತಿತ್ತು. ಒಂದು ಸಾಲು ದಾಟಿ ಬಗ್ಗಿ ನೋಡುವುದು, ಇನ್ನೊಂದು ಸಾಲು ದಾಟಿ ಬಗ್ಗಿ ನೋಡುವುದು. ನೆರಳೆಲ್ಲ ಮಲಗಿದ ಮನುಷ್ಯರ ಹಾಗೆ ಕಂಡಿತು. ಹೆಸರು ಹಿಡಿದು ಕೂಗಲು ಧೈರ್ಯ ಬರಲಿಲ್ಲ, ಉತ್ತರ ಬರದಿದ್ದರೆ ಎಂದು.

ತಿರುವಿನಲ್ಲಿ ಹೊಂಗೆಮರ. ಅದರ ಬುಡದಲ್ಲಿ ಆಕೆ ಕೂತಿದ್ದಳು, ಮಡಿಲಲ್ಲಿ ಗುಳಿಗೆಯ ಚೀಲ. ಕಣ್ಣು ಬಿಟ್ಟುಕೊಂಡು, ಉಸಿರಾಡುತ್ತ, ಕೂತಿದ್ದಳು. ನಾನು ಕೊಡೆ ಮಡಿಸಿ ನೆಲಕ್ಕೆ ಇಟ್ಟು ಪಕ್ಕದಲ್ಲಿ ಕೂತೆ. ಆಕೆ ನನ್ನನ್ನು ನೋಡಿ ಮೊದಲು ಹಿಂದೆ ನೋಡಿದಳು, ಜೀಪು ಬಂದಿದೆಯೇ ಎಂದು. ನಾನೊಬ್ಬಳೇ, ಬಸ್ಸಿನಲ್ಲಿ ಬಂದೆ, ಯಾರಿಗೂ ಏನೂ ಹೇಳಿಲ್ಲ ಎಂದೆ.

“ಮತ್ಯಾಕ್ ಬಂದ್ರಿ ಮೇಡಮ್ಮಾರೆ?”

“ಅಳತೆ ತಪ್ಪಾಗಿ ತಗೊಂಡೆ ಕಣಮ್ಮ. ಮತ್ತೆ ತಗೋಬೇಕು.”

ತೂಕವಾ ಎಂದು ಕೇಳಿದಳು. ಅಲ್ಲ ಎಂದೆ. ಹಾಳೆ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಇಬ್ಬರೂ ಬೇಲಿಯ ಕಡೆ ಮುಖ ಮಾಡಿ ಕೂತಿದ್ದೆವು. ನಿಯಮ ಮುರಿದು ನಾನು ಒಂಬತ್ತನೆಯ ಪ್ರಶ್ನೆಯಿಂದ ಶುರುಮಾಡಿದೆ. ಹದಿನೈದು ದಿನದಲ್ಲಿ ಎಷ್ಟು ದಿನ, ನಾನಿಲ್ಲದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು?

ಆಕೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಹುಲ್ಲಿನ ಅಲಗು ಕೊಯ್ದ ಸಣ್ಣ ಸಣ್ಣ ಗಾಯ, ಒಣಗಿದ್ದು, ಹಸಿಯದು, ಬೆರಳಿನ ಸಂದಿಗಳಲ್ಲಿ ಬಿರುಕು.

“ಈ ಕೈನಾಗೆ ಹೆಂಗೆ ಕೂಸಿಗೆ ಎಣ್ಣೆ ಹಚ್ಲಿ?” ಎಂದಳು. “ಮಗ್ಳಿಗೆ ಗೊತ್ತಿಲ್ಲ. ಅವ್ಳ್ ಅತ್ತೆನೂ ಬಂದು ಇರ್ತಾಳೆ. ಹಚ್ಚಲ್ಲ ಅಂದ್ರೆ ಯಾಕೆ ಅಂತಾರೆ. ಅವ್ವ ಇದ್ದೂ ಬಾಣಂತನ ಮಾಡ್ಲಿಲ್ಲ ಅಂದ್ರೆ ಊರೇ ಕೇಳ್ತದೆ ಮೇಡಮ್ಮಾರೆ. ಅವ್ವನೇ ಇಲ್ಲ ಅಂದ್ರೆ ಯಾರೂ ಕೇಳಲ್ಲ. ಅವ್ಳು ಅಲ್ಲೇ ಅತ್ತೆ ಮನೆಯಾಗೆ ಹಡೀತಾಳೆ.”

ಎಷ್ಟು ದಿನದಿಂದ ಹೀಗೆ ಅನ್ನಿಸುತ್ತಿದೆ ಎಂದು ಕೇಳಿದೆ.

“ಅವ್ಳು ಬಸ್ರಿ ಅಂತ ಫೋನ್ ಬಂದಾಗ್ಲಿಂದ. ದಿನಾಲೂ.”

ಮೂರು. ಒಂಬತ್ತರಿಂದ ಹಿಂದಕ್ಕೆ ಒಂದರವರೆಗೆ ಬಂದೆವು. ಸುಸ್ತು ಕೇಳಿದಾಗ ಆಕೆ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ಅಂಕಿಗಳನ್ನು ಬೆರಳಿನಲ್ಲಿ ಹಿಡಿದಿಟ್ಟುಕೊಂಡೆ. ಇಪ್ಪತ್ತೆರಡು. ಬೆಳಿಗ್ಗೆ ಸೊನ್ನೆ ಎಂದು ಬರೆದು ವೃತ್ತ ಹಾಕಿದ ಅದೇ ಹೆಂಗಸು.

ನನಗೆ ಹೇಳಲು ಬರುವುದು ಲ್ಯಾಬಿನ ಮಾತು ಮಾತ್ರ, ಅದನ್ನೇ ಹೇಳಿದೆ. ಚೀಲದಲ್ಲಿದ್ದ ಆಕೆಯ ಚಿಕಿತ್ಸೆಯ ಪುಸ್ತಕ ತೆಗೆಸಿ, ಕೊನೆಯ ರಕ್ತಪರೀಕ್ಷೆಯ ಪುಟ ತೋರಿಸಿದೆ. ರಕ್ತದಲ್ಲಿ ವೈರಸ್ ಎಣಿಸುವ ಪರೀಕ್ಷೆ ಅದು. ಕಾಣಿಸಲಿಲ್ಲ ಎಂದು ಬರೆದಿತ್ತು. ವರ್ಷಗಳಿಂದ ಹಾಗೇ ಬರೆದಿತ್ತು, ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲವೋ, ಹೇಳಿದ್ದನ್ನು ನಂಬಿರಲಿಲ್ಲವೋ. ಎಣ್ಣೆ ಹಚ್ಚುವುದರಿಂದ, ನೀರು ಹಾಕುವುದರಿಂದ, ಎತ್ತಿಕೊಳ್ಳುವುದರಿಂದ ಈ ಕಾಯಿಲೆ ಯಾವತ್ತೂ ಬರುವುದಿಲ್ಲ. ನಿನ್ನ ರಕ್ತದಲ್ಲಂತೂ ಯಂತ್ರಕ್ಕೂ ಸಿಗದಷ್ಟು ಅಡಗಿದೆ, ಗುಳಿಗೆ ತಪ್ಪಿಸದಿದ್ದರೆ ಅಡಗಿಯೇ ಇರುತ್ತದೆ ಎಂದೆ. ಆಕೆ ಪುಟವನ್ನು ತಿರುವಿ ನೋಡಿದಳು. ನಂಬಿದಳೆಂದು ನನಗೆ ಅನ್ನಿಸಲಿಲ್ಲ. ಭಯ ಹೇಳಿದ ಮಾತಿಗೆ ಹೋಗುವಂಥದ್ದಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಒಬ್ಬಳನ್ನೇ ಬಿಡಬೇಡಿ, ನಾಳೆ ಬೆಳಿಗ್ಗೆ ಮಧುಗಿರಿಯ ನಿಮ್ಮ ಮನೆಗೇ ಬಂದು ನೋಡುತ್ತೇನೆ ಎಂದರು. ಹಾಗಾದರೆ ಆಕೆ ನನ್ನ ಜೊತೆ ಬರಬೇಕು. ಊರಿಗೆ ಏನು ಹೇಳುವುದು? ನನ್ನ ಸುಳ್ಳು ಅಲ್ಲಿ ಕೆಲಸಕ್ಕೆ ಬಂತು. ನಮ್ಮ ನೆಂಟರ ಬಾಣಂತಿಯನ್ನು ನಾಲ್ಕು ದಿನದ ಮಟ್ಟಿಗೆ ನೋಡಿಕೊಳ್ಳಲು ಒಪ್ಪಿದ್ದಾಳೆ, ಮಗಳು ಬರುವಷ್ಟರಲ್ಲಿ ವಾಪಸ್ ಎಂದು ಜಗಲಿಯ ಅಜ್ಜಿಗೆ ಹೇಳಿದೆವು. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನಾಕೇ ದಿನ ಕಣಮ್ಮ. ಆಮೇಲೆ ಕೋಳಿ ಕೊಯ್ಕೊಂಡು ತಿಂದ್ಬುಟ್ಟೆ ಅಂದ್ರೆ ನನ್ನ ಕೇಳ್ಬ್ಯಾಡ್ರಿ.”

“ಕೊಯ್ಬ್ಯಾಡ ಅಜ್ಜಿ, ಬತ್ತೀನಿ,” ಎಂದಳು ಆಕೆ. ತಾನು ಇರುತ್ತೇನೆ ಎನ್ನುವಂತೆ ಆಕೆ ಆಡಿದ ಮೊದಲ ಮಾತು ಅದು. ಬತ್ತೀನಿ ಎಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಆಕೆ ಬಚ್ಚಲಿಗೆ ಹೋದರೆ ನಾನು ಹೊರಗೆ ಪಾತ್ರೆ ಸದ್ದು ಮಾಡುತ್ತ ನಿಂತಿರುತ್ತಿದ್ದೆ. ಡಾಕ್ಟರು ಬಂದರು, ತುಂಬ ಹೊತ್ತು ಮಾತಾಡಿದರು, ಮನಸ್ಸಿಗೂ ಗುಳಿಗೆ ಶುರುಮಾಡಿದರು. ನಾನು ಆ ಡಬ್ಬಿಗೂ ಹತ್ತಿ ಹಾಕಿ, ಮೇಲೆ ತಾರೀಖು ಬರೆದುಕೊಟ್ಟೆ. ಗುರುವಾರ ಗುರುವಾರ ಬರಬೇಕೆಂದು ಒಪ್ಪಿಸಿಕೊಂಡರು. ಅಧ್ಯಯನದವರಿಗೆ ನಾನೇ ಫೋನ್ ಮಾಡಿ, ಒಂದು ಹಾಳೆಯನ್ನು ತಪ್ಪಾಗಿ ತುಂಬಿದ್ದೇನೆ, ಬೇರೆಯವರು ತುಂಬಿದ ಹಾಳೆಗಳಲ್ಲಿ ಒಟ್ಟು ಸೊನ್ನೆ ಬಂದವರಿದ್ದರೆ ಅವರನ್ನೆಲ್ಲ ಮತ್ತೆ ಕೇಳಬೇಕು ಎಂದು ತಿಳಿಸಿದೆ. ಪಾವಗಡದಲ್ಲಿ ನನ್ನ ಮೇಜನ್ನು ಬೀರುವಿನಿಂದ ದೂರ, ಔಷಧಿ ತೆಗೆದುಕೊಂಡ ಮೇಲೆ ಜನ ಕೂರುವ ಜಾಗಕ್ಕೆ ಹಾಕಿಸಿಕೊಂಡೆ.

ಆಮೇಲಿನ ಗುರುವಾರಗಳು ನನ್ನ ಜೀವ ಹಿಂಡಿದವು. ಆಕೆಯ ಊರಿನ ಬಸ್ಸು ಹತ್ತೂಮುಕ್ಕಾಲಿಗೆ ಬರುತ್ತದೆ. ಹತ್ತೂವರೆಯಿಂದಲೇ ಎದುರಿಗೆ ಕೂತವರ ಉತ್ತರ ನನ್ನ ಕಿವಿಗೆ ಬೀಳುತ್ತಿರಲಿಲ್ಲ, ಮತ್ತೊಮ್ಮೆ ಹೇಳಿ ಎಂದು ಕೇಳಬೇಕಾಗುತ್ತಿತ್ತು. ಆ ಜಡೆ ಬಾಗಿಲಲ್ಲಿ ಕಂಡ ಮೇಲೆ ಕೈ ಹದಕ್ಕೆ ಬರುತ್ತಿತ್ತು. ಒಂದು ಗುರುವಾರ ಆಕೆ ಬರಲಿಲ್ಲ. ಕೌನ್ಸೆಲರ್ ಹುಡುಗಿ ಫೋನ್ ಮಾಡುವಾಗ ನಾನು ಅವಳ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದೆ. ಮಗಳಿಗೆ ಹೆರಿಗೆಯಾಗಿತ್ತು. ಗಂಡು.

ಫೋನಿನಲ್ಲೇ ಆಕೆ ನನ್ನನ್ನು ಕರೆದಳು. ಮೊದಲ ಎಣ್ಣೆನೀರಿಗೆ ನೀವು ಬಂದು ಪಕ್ಕದಲ್ಲಿ ಇರಬೇಕು, ಇಲ್ಲದಿದ್ದರೆ ತನ್ನಿಂದ ಆಗುವುದಿಲ್ಲ. ಶನಿವಾರ ನನ್ನ ದಿನವಲ್ಲ, ಆದರೂ ಹೋದೆ. ಬಾಣಂತಿ ನೋಡಿಕೊಳ್ಳಲು ಕರೆದಿದ್ದ ಮಧುಗಿರಿಯ ಅಮ್ಮ ಎಂದು ಅಲ್ಲಿ ಎಲ್ಲರಿಗೂ ನಾನು ಗೊತ್ತಿದ್ದವಳೇ. ಅಜ್ಜಿ ಜಗಲಿಯಿಂದ ಕೂಗಿ, ಒಂದು ಕೋಳಿ ವಾಪಸ್ ಕೊಟ್ಟಿದ್ದೀನಿ, ಇನ್ನೊಂದು ಕಾವಿಗೆ ಕೂತಿದೆ, ಎದ್ದ ಮೇಲೆ ಕೊಡ್ತೀನಿ ಎಂದಳು.

ಬಚ್ಚಲಲ್ಲಿ ಹೊಗೆ, ಬಿಸಿನೀರಿನ ಹಬೆ. ಮಗಳು ಒಳಗೆ ಮಲಗಿದ್ದಳು, ಅವಳ ಅತ್ತೆ ಒಲೆಯ ಮುಂದೆ. ಆಕೆ ಮಣೆಯ ಮೇಲೆ ಕೂತು ಕಾಲು ನೀಡಿದಳು. ನಾನು ಕೂಸನ್ನು ಮೊಣಕಾಲಿನ ಕೆಳಗೆ, ಎರಡೂ ಕಾಲಿನ ನಡುವಿನ ತಗ್ಗಿನಲ್ಲಿ ಮಲಗಿಸಿದೆ. ಆಕೆ ಬಟ್ಟಲಿಂದ ಎಣ್ಣೆ ಅಂಗೈಗೆ ಸುರಿದುಕೊಂಡಳು.

ಆಗ ನಾನು ಆಕೆಯ ಕೈ ನೋಡಿದೆ. ಗಾಯ ಎಲ್ಲಿದೆ, ಹಸಿ ಇದೆಯಾ, ಎಣ್ಣೆ ಎಲ್ಲಿಗೆ ತಾಗುತ್ತದೆ ಎಂದು ನನ್ನ ಕಣ್ಣು ತಾನಾಗಿ ಹುಡುಕಿತು. ವರ್ಷಗಟ್ಟಲೆ ಆ ರಕ್ತ ಮುಟ್ಟಿದವಳು, ಬರುವುದಿಲ್ಲ ಎಂದು ಹೊಂಗೆಮರದ ಕೆಳಗೆ ಪುಟ ತೋರಿಸಿ ಹೇಳಿದವಳು, ನಾನೇ ನೋಡಿದೆ. ನಾನು ನೋಡಿದ್ದನ್ನು ಆಕೆ ನೋಡಿದಳು. ಅಂಗೈ ಕೂಸಿನ ಮೇಲೆ ಬಾರದೆ ಗಾಳಿಯಲ್ಲಿ ನಿಂತಿತು. ಎಣ್ಣೆ ಬೆರಳ ಸಂದಿಯಿಂದ ಒಂದೊಂದು ಹನಿ ಆಕೆಯ ಸೀರೆಗೆ ಬೀಳುತ್ತಿತ್ತು.

ಅಷ್ಟು ಭಯ ನಾನು ಯಾವತ್ತೂ ಪಟ್ಟಿಲ್ಲ. ಕೂಸಿಗೆ ಏನಾದರೂ ಆದೀತು ಎಂಬ ಭಯ ಅದಲ್ಲ. ನನ್ನ ಒಂದು ನೋಟ ಏನು ಮಾಡಿತೋ ಎಂಬ ಭಯ.

ನಾನು ಮಣೆಯ ಎದುರಿಗೆ ನೆಲದ ಮೇಲೆ ಕೂತೆ. ಆಕೆಯ ಎಣ್ಣೆಯ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಬಿರುಕಿನ ಮೇಲೆ, ಗಾಯದ ಮೇಲೆ ಬೆರಳಾಡಿಸಿ, ಅದೇ ಎಣ್ಣೆಯನ್ನು ನನ್ನ ಕೆನ್ನೆಗೆ ಹಚ್ಚಿಕೊಂಡೆ.

“ಹಚ್ಚಮ್ಮ. ಕೂಸಿಗೆ ಚಳಿಯಾಗ್ತದೆ,” ಎಂದೆ.

ಆಕೆ ನನ್ನ ಮುಖವನ್ನು, ಕೆನ್ನೆಯ ಎಣ್ಣೆಯನ್ನು, ಒಂದು ಗಳಿಗೆ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ ಕೂಸಿನ ಎದೆಯ ಮೇಲಿಟ್ಟಳು. ಕೂಸು ಕಿ‌ರುಚಿತು. ಒಳಗಿನಿಂದ ಮಗಳು ಕೂಗಿ ಕೇಳಿದಳು, “ಯಾಕವ್ವ ಅಳ್ತೈತೆ? ನೀರು ಸುಡ್ತೈತೇನು?”

“ನೀರಿನ್ನೂ ಹಾಕಿಲ್ಲ ಕಣೆ,” ಎಂದಳು ಆಕೆ, ಎಣ್ಣೆ ನೀವುತ್ತ. “ಮಲಕ್ಕೊ ನೀನು.”